ಎರಡೂ ಅರ್ಧಗಳಲ್ಲಿದ್ದ ಫಾಲ್ಟ್

ಅಡವಿಯಪ್ಪನವರ ಡಾಕೆಟ್ ಪುಸ್ತಕದ ಪ್ರತಿ ಪುಟದಲ್ಲೂ ಐದು ಕಲಂಗಳಿವೆ: ದಿನಾಂಕ, ದೂರು, ಮಾಡಿದ ಪರೀಕ್ಷೆ, ಸಿಕ್ಕ ಫಾಲ್ಟ್, ಸರಿಹೋದ ಹೊತ್ತು. ಗೆರೆಗಳನ್ನು ಸ್ಕೇಲಿಟ್ಟು ಅವರೇ ಎಳೆಯುತ್ತಾರೆ. ದೂರವಾಣಿ ಇಲಾಖೆಯಲ್ಲಿ ಮೂವತ್ತಮೂರು ವರ್ಷ ಕೇಬಲ್ ಜಾಯಿಂಟರ್ ಆಗಿದ್ದವರು. ನಿವೃತ್ತರಾಗಿ ಏಳು ವರ್ಷ ಕಳೆದರೂ ಅಭ್ಯಾಸ ಬಿಟ್ಟಿಲ್ಲ. ತುಮಕೂರಿನ ಶೆಟ್ಟಿಹಳ್ಳಿಯ ಅವರ ಮನೆಯಲ್ಲಿ ಗೇಟಿನ ಚಿಲಕ ಬಿಗಿಯಾದರೂ, ನಲ್ಲಿ ತೊಟ್ಟಿಕ್ಕಿದರೂ ಪುಸ್ತಕದಲ್ಲಿ ಒಂದು ಸಾಲು ಬೀಳುತ್ತದೆ.

ಈ ಫೆಬ್ರವರಿಯ ಮೊದಲ ವಾರ ಬಿದ್ದ ಸಾಲು ಹೀಗಿದೆ: ‘ಕೆಳಗಿನ ಕಂಪ್ಯೂಟರಿನಿಂದ ಮೇಲಿನ ಕಂಪ್ಯೂಟರಿಗೆ ವಿಡಿಯೋ ತಡೆದು ತಡೆದು ಬರುತ್ತದೆ. ದೂರು ಕೊಟ್ಟವರು: ಸೊಸೆ.’ ಅದರ ಮುಂದೆ ನಾಲ್ಕನೇ ಕಲಂ ಎಂಟು ದಿನ ಖಾಲಿ ಇತ್ತು. ಇಡೀ ಪುಸ್ತಕದಲ್ಲಿ ಅಷ್ಟು ದಿನ ಖಾಲಿ ಉಳಿದ ಕಲಂ ಬೇರೊಂದಿಲ್ಲ.

ಸೊಸೆ ದೀಪಿಕಾ ಅವರಿಗೆ ಮೂವತ್ತನಾಲ್ಕು ವರ್ಷ. ಕುಣಿಗಲ್ಲಿನ ಒಂದು ಸ್ಟುಡಿಯೋಗೆ ಮದುವೆ ವಿಡಿಯೋಗಳ ಮಿಕ್ಸಿಂಗ್ ಮಾಡುತ್ತಾರೆ. ಮೂರು ಕ್ಯಾಮೆರಾದಲ್ಲಿ ತೆಗೆದ ಹತ್ತು ಹನ್ನೆರಡು ಗಂಟೆಯ ಚಿತ್ರವನ್ನು ನೋಡಿ, ಕತ್ತರಿಸಿ, ಜೋಡಿಸಿ, ನೆಂಟರೆಲ್ಲ ಕೂತು ನೋಡುವಂಥ ಎರಡು ಗಂಟೆಗೆ ಇಳಿಸುವ ಕೆಲಸ. ಆರು ವರ್ಷ ಅವರು ದಿನಾ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಕುಣಿಗಲ್ಲಿಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದರು. “ಆ ಆರು ವರ್ಷ ನಾನು ಈ ಮನೇನ ಮಧ್ಯಾಹ್ನದ ಬೆಳಕಲ್ಲಿ ನೋಡಿದ್ದು ಭಾನುವಾರ ಮಾತ್ರ,” ಎನ್ನುತ್ತಾರೆ. ಕಳೆದ ವರ್ಷ ಸ್ಟುಡಿಯೋ ಮಾಲೀಕ ಆಂಜನಪ್ಪನವರು ಮನೆಯಿಂದಲೇ ಮಾಡಲು ಒಪ್ಪಿದರು. ಹಾರ್ಡ್ ಡಿಸ್ಕುಗಳಿರುವ ಕಂಪ್ಯೂಟರ್ ಕೆಳಗಿನ ಮನೆಯಲ್ಲಿ ಕೂತಿತು. ಕೆಳಗೆ ಟಿವಿ, ಕುಕ್ಕರು, ಬಂದು ಹೋಗುವವರ ಮಾತು. ಹಾಡಿಗೆ ತಾಳ ಕೂಡಿಸುವ ಕೆಲಸ ಅಲ್ಲಿ ಆಗದು. ಹಾಗಾಗಿ ಮಿಕ್ಸಿಂಗ್ ಮಾಡುವ ಕಂಪ್ಯೂಟರ್ ಮಹಡಿಯ ಚಿಕ್ಕ ರೂಮು ಸೇರಿತು. ಎರಡರ ನಡುವೆ ಮೂವತ್ತೆರಡು ಮೀಟರ್ ಕೇಬಲ್. ದೀಪಾವಳಿಯ ಹಿಂದಿನ ವಾರ ಅದನ್ನು ಎಳೆದವರು ಅಡವಿಯಪ್ಪನವರೇ. ಪೈಪು ಕೂರಿಸಿ, ತಿರುವಿನಲ್ಲಿ ಕೇಬಲ್ ಮುರಿಯದ ಹಾಗೆ ಬಾಗಿಸಿ, ಎರಡೂ ತುದಿಗೆ ಪ್ಲಗ್ ಹಾಕಿ, ಹೊರಗೆ ಕಾಣುವ ಕಡೆ ಗೋಡೆಯ ಬಣ್ಣವನ್ನೇ ಬಳಿದಿದ್ದರು.

ಮೊದಲ ಮೂರು ತಿಂಗಳು ಬಂದದ್ದು ಫೋಟೋ ಆಲ್ಬಂಗಳ ಕೆಲಸ. ಯಾರಿಗೂ ಏನೂ ತಿಳಿಯಲಿಲ್ಲ. ಮದುವೆಗಳು ಶುರುವಾಗಿ ದೊಡ್ಡ ವಿಡಿಯೋಗಳು ಬಂದ ಮೇಲೆ ಚಿತ್ರ ತಡೆಯತೊಡಗಿತು. ಒಂದು ಮದುವೆಯಲ್ಲಿ ಸರಿಯಾಗಿ ಮಾಂಗಲ್ಯ ಕಟ್ಟುವ ಹೊತ್ತಿಗೆ ಪರದೆ ನಿಂತು, ಎರಡು ಸೆಕೆಂಡ್ ಬಿಟ್ಟು ಮುಂದಕ್ಕೆ ಹಾರಿತು. ನಡುವಿನ ಚಿತ್ರ ಬಿಟ್ಟುಹೋದದ್ದು ತಿಳಿಯದೆ ದೀಪಿಕಾ ಅದೇ ಹಾರಿದ ಜಾಗಕ್ಕೆ ಕತ್ತರಿ ಹಾಕಿದರು. ವಿಡಿಯೋ ಹಾಗೆಯೇ ಹುಡುಗಿಯ ಮನೆ ಸೇರಿತು.

ಆಂಜನಪ್ಪನವರ ಫೋನ್ ಬಂದಾಗ ಮನೆಯವರೆಲ್ಲ ತಿಂಡಿಗೆ ಕೂತಿದ್ದರು. ದೀಪಿಕಾ ಕೈ ಒದ್ದೆಯೆಂದು ಸ್ಪೀಕರ್ ಹಾಕಿದ್ದರಿಂದ ಮಾತೆಲ್ಲ ಎಲ್ಲರಿಗೂ ಕೇಳಿತು.

“ಹುಡ್ಗಿ ಅಪ್ಪ ಬಂದು ಸ್ಟುಡಿಯೋ ಒಳಗೇ ಕೂತವ್ರೆ ಕಣಮ್ಮ. ‘ನನ್ ಮಗ್ಳಿಗೆ ತಾಳಿ ಕಟ್ಟೇ ಇಲ್ವೇನ್ರೀ’ ಅಂತವ್ರೆ. ನಾನೇನ್ ಹೇಳ್ಲಿ?”

“ಒರಿಜಿನಲ್‌ನಲ್ಲಿ ಐತೆ ಸರ್. ಇವತ್ತೇ ಸೇರ್ಸಿ ಕಳಿಸ್ತೀನಿ.”

“ಅದ್ನ ಕಳ್ಸು. ಆದ್ರೆ ಹಿಂಗಾದ್ರೆ ಆಗಲ್ಲ ತಾಯಿ. ಶಿವರಾತ್ರಿವರ್ಗೂ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಮಾರ್ನೇ ದಿನದಿಂದ ಇಲ್ಲಿಗೇ ಬಂದ್ಬುಡು. ಇಲ್ಲಿ ಎಲ್ಲಾ ಒಂದೇ ಟೇಬಲ್ ಮ್ಯಾಗೈತೆ, ಯಾವ ರಗಳೇನೂ ಇಲ್ಲ.”

ಶಿವರಾತ್ರಿಗೆ ಒಂಬತ್ತು ದಿನ ಇತ್ತು. ಅಡವಿಯಪ್ಪನವರು ತಕ್ಷಣ ಎದ್ದು ಕೈ ತೊಳೆದು ಡಾಕೆಟ್ ಪುಸ್ತಕ ತಂದರು.

ಮಗ ಮಲ್ಲಿಕಾರ್ಜುನ್ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬೆಳಗಿನ ಶಿಫ್ಟಿಗೆ ಹೆಲ್ಮೆಟ್ ಹಿಡಿದು ನಿಂತಿದ್ದವರು, “ಬುಡಪ್ಪ, ಹೊಸಾ ಕೇಬಲ್ ಎಳೆಸ್ಬುಡಣ,” ಎಂದರು.

“ಫಾಲ್ಟ್ ಏನೂಂತ ಗೊತ್ತಿಲ್ದೆ ಹೊಸದು ಎಳೆದ್ರೆ, ಹೊಸ ಕೇಬಲ್ನಲ್ಲಿ ಹಳೇ ಫಾಲ್ಟ್ ಇರ್ತದೆ ಕಣೋ,” ಎಂದರು ಅಪ್ಪ. ಮಾತು ಮುಗಿದಂತೆ ಕನ್ನಡಕ ಹಾಕಿಕೊಂಡರು.

ಅಡವಿಯಪ್ಪನವರ ಸೇವೆಯ ಹೆಚ್ಚಿನ ಪಾಲು ಗುಬ್ಬಿ ಮತ್ತು ಕುಣಿಗಲ್ಲಿನಲ್ಲಿ ಕಳೆದಿದೆ. ರಸ್ತೆಯ ಬದಿಯ ಗುಂಡಿಯಲ್ಲಿ ಕೂತು, ಸೀಸದ ಕವಚ ಬಿಚ್ಚಿ, ಕೂದಲೆಳೆಯಂಥ ತಂತಿಗಳನ್ನು ಬಣ್ಣ ನೋಡಿ ಜೋಡಿ ಮಾಡುವುದು ಜಾಯಿಂಟರ್ ಕೆಲಸ. ಟೆಲಿಫೋನ್ ಕೇಬಲಿನಲ್ಲಿ ತಂತಿಗಳು ಎರಡೆರಡಾಗಿ ಹೊಸೆದಿರುತ್ತವೆ. ಒಬ್ಬರ ಮಾತು ಒಂದೇ ಜೋಡಿಯಲ್ಲಿ ಹೋಗಬೇಕು. ಒಂದು ತಂತಿ ಈ ಜೋಡಿಯದು, ಇನ್ನೊಂದು ಆ ಜೋಡಿಯದು ಸೇರಿಕೊಂಡರೆ ಫೋನೇನೋ ರಿಂಗಾಗುತ್ತದೆ, ಆದರೆ ಪಕ್ಕದ ಫೋನಿನ ಮಾತು ಇದರಲ್ಲಿ ಕೇಳುತ್ತದೆ. ಇಲಾಖೆಯಲ್ಲಿ ಅದಕ್ಕೆ ಸ್ಪ್ಲಿಟ್ ಪೇರ್ ಎನ್ನುತ್ತಿದ್ದರು. ಜಾಯಿಂಟರನಿಗೆ ಅದಕ್ಕಿಂತ ನಾಚಿಕೆಯ ಫಾಲ್ಟ್ ಇಲ್ಲ. ಅದು ಮಳೆನೀರಿನಿಂದಲೋ ಇಲಿಯಿಂದಲೋ ಜೆಸಿಬಿಯಿಂದಲೋ ಆಗುವುದಲ್ಲ, ಕೈಯಿಂದ ಆಗುವುದು.

ಗುಬ್ಬಿಯಲ್ಲಿ ಒಮ್ಮೆ ಕೊಬ್ಬರಿ ಮಂಡಿಯ ಫೋನ್ ಎತ್ತಿದರೆ ಡಾಕ್ಟರ ಹೆಂಡತಿಯ ಮಾತು ಕೇಳುತ್ತಿತ್ತು. ಡಾಕ್ಟರ ಮನೆಯಲ್ಲಿ ಇವತ್ತು ಏನು ಸಾರು ಎಂಬುದು ಮಂಡಿಯ ಹಮಾಲರಿಗೆಲ್ಲ ಗೊತ್ತಾಗುತ್ತಿತ್ತು. ಬೇರೆಯವರು ಮಾಡಿಟ್ಟ ಆ ಜಾಯಿಂಟನ್ನು ಬಿಚ್ಚಿ, ಇನ್ನೂರು ಜೋಡಿಯಲ್ಲಿ ತಪ್ಪಿದ ಎರಡನ್ನು ಕಿವಿಯಲ್ಲೇ ಪತ್ತೆ ಮಾಡಿದ್ದು ಅಡವಿಯಪ್ಪನವರು. ತಮ್ಮ ಕೈಯಿಂದ ಒಂದೇ ಒಂದು ಸ್ಪ್ಲಿಟ್ ಪೇರ್ ಆಗಿಲ್ಲ ಎಂಬುದನ್ನು ಅವರು ಜಂಬದಿಂದ ಹೇಳುವುದಿಲ್ಲ. ಊರು, ಹುಟ್ಟಿದ ದಿನ ಹೇಳುವ ಹಾಗೆ ಹೇಳುತ್ತಾರೆ.

ಕಂಪ್ಯೂಟರಿನ ಭಾಷೆ ಅವರಿಗೆ ಹೊಸದು. ಮೊದಲ ದಿನ ದೀಪಿಕಾ ಕಪ್ಪು ಪರದೆಯೊಂದನ್ನು ತೆರೆದು ಪರೀಕ್ಷೆಯ ವಿಧಾನ ತೋರಿಸಿದರು. ಈ ಕಂಪ್ಯೂಟರ್ ಆ ಕಂಪ್ಯೂಟರಿಗೆ ಒಂದು ಸಣ್ಣ ಪೊಟ್ಟಣ ಕಳಿಸುತ್ತದೆ, ಅದು ತಲುಪಿದ ಕೂಡಲೇ ಅಲ್ಲಿಂದ ಉತ್ತರ ಬರಬೇಕು. ಬಾರದಿದ್ದರೆ ಪೊಟ್ಟಣ ದಾರಿಯಲ್ಲಿ ಕಳೆದುಹೋಯಿತು ಎಂದು ಲೆಕ್ಕ.

“ಅಂದ್ರೆ ನಾವು ಹೊಸಾ ಲೈನ್ ಕೊಟ್ಟು ‘ಹಲೋ, ಹಲೋ’ ಅಂತಿದ್ವಲ್ಲ, ಹಂಗೆ,” ಎಂದರು ಮಾವ.

“ಹಂಗೇ ಮಾವ.”

“ನೂರು ಸಲ ಹಲೋ ಅನ್ನು. ಎಷ್ಟು ವಾಪಸ್ ಬರ್ತವೆ ನೋಡಣ.”

ನೂರಕ್ಕೆ ತೊಂಬತ್ತೊಂಬತ್ತು ಬಂದವು. ಒಂದು ಹೋದರೆ ಏನಾಯಿತು ಎಂದು ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ಅಡವಿಯಪ್ಪನವರು ಬಿಡಲಿಲ್ಲ. ವಿಡಿಯೋ ದೊಡ್ಡ ಸಾಮಾನು, ಸಣ್ಣ ಹಲೋ ಅದಕ್ಕೆ ಪರೀಕ್ಷೆಯಾಗದು, ದೊಡ್ಡ ಪೊಟ್ಟಣ ಕಳಿಸಲು ಬರುತ್ತದೆಯೇ ಎಂದು ಕೇಳಿದರು. ಬರುತ್ತಿತ್ತು. ದೊಡ್ಡ ಹಲೋ ನೂರರಲ್ಲಿ ಹನ್ನೆರಡು ಕಳೆದುಹೋದವು. ಮೂರನೇ ಕಲಂನಲ್ಲಿ ಬರೆದರು: ‘ಸಣ್ಣ ಹಲೋ 1, ದೊಡ್ಡ ಹಲೋ 12.’ ಅಂದಿನಿಂದ ಆ ಮನೆಯಲ್ಲಿ ಅದಕ್ಕೆ ಹಲೋ ಎಂದೇ ಹೆಸರು.

ಅವರ ಕ್ರಮ ಒಂದೇ. ಒಂದು ಸಲಕ್ಕೆ ಒಂದನ್ನು ಬದಲಿಸುವುದು, ನೂರು ಹಲೋ ಕಳಿಸುವುದು, ಬರೆಯುವುದು. ಮೊದಲ ದಿನ ಹೊರಗಿಂದ ಬರುವ ಇಂಟರ್‌ನೆಟ್ ತಂತಿಯನ್ನೇ ಕಿತ್ತಿಟ್ಟರು. ಹನ್ನೆರಡು ಹನ್ನೆರಡೇ ಉಳಿಯಿತು. ಮನೆಯ ಫಾಲ್ಟ್ ಮನೆಯೊಳಗೇ ಇದೆ ಎಂದು ಖಾತ್ರಿಯಾಯಿತು. ಎರಡನೇ ದಿನ ಎರಡು ಕಂಪ್ಯೂಟರನ್ನು ಸೇರಿಸುವ ಸ್ವಿಚ್ ಡಬ್ಬಿ ಬದಲಾಯಿತು. ಹಳೆಯ ಡಬ್ಬಿಯ ನೆತ್ತಿಯ ಮೇಲೆ ಅವರ ಹೆಂಡತಿ ಸಿದ್ದಗಂಗಮ್ಮ ಎಳೆದಿದ್ದ ವಿಭೂತಿಯ ಮೂರು ಗೆರೆ ಇತ್ತು. ಹೊಸ ಡಬ್ಬಿಗೆ ಅವರು ಮತ್ತೆ ಎಳೆದರು. ಹನ್ನೊಂದು.

ಮೂರನೇ ದಿನ ಕರೆಂಟಿನ ಮೇಲೆ ಅನುಮಾನ. ಕೇಬಲ್ ಹೋಗುವ ದಾರಿಯಲ್ಲೇ ಬೋರಿನ ಮೋಟರಿನ ತಂತಿ ಇದೆ, ಅಡುಗೆಮನೆಯ ಗೋಡೆ ಇದೆ. ಮೋಟರ್ ಬಂದ್, ಫ್ರಿಜ್ ಬಂದ್, ಮಿಕ್ಸಿ ಬಂದ್.

“ನಿಮ್ ಹಲೋ ಮುಗಿಯೋಗಂಟ ನಾನು ಚಟ್ನಿ ರುಬ್ಬಂಗಿಲ್ವಾ?” ಸಿದ್ದಗಂಗಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ಹಂಗಿದ್ರೆ ಒಂದು ಒರಳುಕಲ್ಲು ತಂದ್ಹಾಕ್ಬುಡಿ. ನಮ್ಮತ್ತೆ ಕಾಲಕ್ಕೇ ಹೋಗಣ.”

“ಇನ್ನು ನಲವತ್ತು ಹಲೋ ಐತೆ, ಸುಮ್ಕಿರೇ.”

“ಮೂವತ್ತಮೂರು ವರ್ಷ ಊರೋರ್ ಫೋನ್ ಸರಿಮಾಡಿದ್ರಿ. ನಮ್ಮನೆ ಫೋನ್ ಕೆಟ್ರೆ ಎಂಟು ದಿನ. ಈಗ್ಲೂ ಅದೇ ಕತೆ.”

ಕೊನೆಗೆ ಮೇನ್ ಸ್ವಿಚ್ಚನ್ನೇ ಇಳಿಸಿ, ಕಂಪ್ಯೂಟರುಗಳನ್ನು ಯುಪಿಎಸ್ ಮೇಲೆ ನಡೆಸಿ ನೋಡಿದರು. ಮನೆಯಲ್ಲಿ ಒಂದು ಬಲ್ಬೂ ಉರಿಯದಿರುವಾಗಲೂ ಹನ್ನೆರಡು ಹಲೋ ಕಳೆದುಹೋದವು. ಸಿದ್ದಗಂಗಮ್ಮನವರ ಮಿಕ್ಸಿ ನಿರಪರಾಧಿ ಎಂದು ಪುಸ್ತಕದಲ್ಲಿ ದಾಖಲಾಯಿತು. ಆದರೂ ಪರೀಕ್ಷೆಯ ಹೊತ್ತಿಗೆ ಅದನ್ನು ಹಾಕುವಂತಿಲ್ಲ ಎಂಬ ಕಟ್ಟಳೆ ಉಳಿಯಿತು.

ನಾಲ್ಕನೇ ದಿನ ಮಲ್ಲಿಕಾರ್ಜುನ್ ಬೀದಿಯ ಇಂಟರ್‌ನೆಟ್ ಸಂಪರ್ಕ ನೋಡಿಕೊಳ್ಳುವ ಅಶ್ವಥ್ ಅವರನ್ನು ಕರೆತಂದರು. ಅಶ್ವಥ್ ಬಳಿ ಒಂದು ಟೆಸ್ಟರ್ ಇತ್ತು. ಅದರ ಒಂದು ತುಂಡನ್ನು ಕೇಬಲಿನ ಕೆಳತುದಿಗೆ, ಇನ್ನೊಂದನ್ನು ಮೇಲ್ತುದಿಗೆ ಸಿಕ್ಕಿಸಿದರೆ ಎಂಟು ತಂತಿಗೆ ಎಂಟು ಹಸಿರು ದೀಪ ಒಂದಾದ ಮೇಲೊಂದು ಹತ್ತಬೇಕು. ಎಂಟೂ ಹತ್ತಿದವು, ಕ್ರಮ ತಪ್ಪದೆ.

“ಯಜಮಾನ್ರೆ, ವೈರು ಅಪ್ಪಟ ಚಿನ್ನ. ಏನ್ ನೀಟಾಗಿ ಪ್ಲಗ್ ಹಾಕಿದೀರ! ನಮ್ ಹುಡುಗ್ರಿಗೆ ಒಂದ್ಸಲ ತೋರ್ಸಿ. ತೊಂದ್ರೆ ಕಂಪ್ಯೂಟರ್ನಲ್ಲೈತೆ.”

ದೀಪಿಕಾ ತಮ್ಮ ಫೋನಿನಲ್ಲಿ ಹುಡುಕಿಟ್ಟಿದ್ದ ಒಂದು ಚಿತ್ರವನ್ನು ಅವರಿಗೆ ತೋರಿಸಿದರು. ಪ್ಲಗ್ಗಿನೊಳಗೆ ಬಣ್ಣದ ಎಳೆಗಳು ಯಾವ ಕ್ರಮದಲ್ಲಿರಬೇಕು ಎಂಬ ಚಿತ್ರ. ಮನೆಯ ಪ್ಲಗ್ಗಿನಲ್ಲಿರುವ ಕ್ರಮ ಅದಲ್ಲ.

“ಇದು ಬೇರೆ ಥರ ಐತಲ್ಲ, ಅದ್ರಿಂದ ಏನಾದ್ರೂ…?”

“ಅಯ್ಯೋ ಮೇಡಂ, ಎರಡು ಕಡೆ ಒಂದೇ ಥರ ಇದ್ರೆ ಆಯ್ತು. ತಂತೀಗೆ ತನ್ ಬಣ್ಣ ಯಾವ್ದೂಂತ ಏನ್ ಗೊತ್ತು?”

ಅಡವಿಯಪ್ಪನವರೂ ತಲೆಯಾಡಿಸಿದರು. ದೀಪಿಕಾ ಫೋನ್ ಒಳಗಿಟ್ಟರು.

ಟೆಸ್ಟರ್ ಕಂಪ್ಯೂಟರಿನ ಮೇಲೆ ಬೆರಳು ತೋರಿಸಿದ್ದರಿಂದ ಐದನೇ ದಿನ ಕಂಪ್ಯೂಟರಿನ ವಿಚಾರಣೆ. ಮಹಡಿಯ ಕಂಪ್ಯೂಟರನ್ನು ಕೆಳಗಿಳಿಸಿ, ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಅಂಗಡಿಯಿಂದ ತಂದ ಎರಡು ಮೀಟರಿನ ರೆಡಿಮೇಡ್ ಕೇಬಲಿನಲ್ಲಿ ಸೇರಿಸಿದರು. ಸಿದ್ದಗಂಗಮ್ಮ ಪರದೆಯ ಮುಂದೆ ಕೂತು ಎಣಿಸಿದರು. ನೂರು ದೊಡ್ಡ ಹಲೋಗೆ ನೂರೂ ವಾಪಸ್ ಬಂದವು. ನಂಬದೆ ಇನ್ನೈನೂರು ಕಳಿಸಿದರು. ಐನೂರೂ ಬಂದವು.

“ನಿನ್ ಕಂಪ್ಯೂಟರ್ ಕೆಟ್ಟಿಲ್ಲ ಕಣವ್ವ,” ಎಂದರು ಅಡವಿಯಪ್ಪನವರು. ದೀಪಿಕಾ ಅವರ ಮುಖ ಅರಳಿತು, ಮಾವನ ಮುಖ ಅರಳಲಿಲ್ಲ. ಕಂಪ್ಯೂಟರ್ ಸರಿ, ಡಬ್ಬಿ ಸರಿ, ಕರೆಂಟ್ ಸರಿ. ಉಳಿದದ್ದು ಅವರು ಎಳೆದ ಕೇಬಲ್ ಒಂದೇ. ಅದನ್ನು ಟೆಸ್ಟರ್ ಚಿನ್ನ ಎಂದಿತ್ತು.

ಆರನೇ ದಿನ ಅವರು ಪೈಪಿನ ದಾರಿಯುದ್ದಕ್ಕೂ ಕೈಯಾಡಿಸಿ ನೋಡಿದರು. ಇಲಿ ಕಡಿದಿರಲಿಲ್ಲ, ಮೊಳೆ ತಾಗಿರಲಿಲ್ಲ, ನೀರು ಇಳಿದಿರಲಿಲ್ಲ. ಏಳನೇ ದಿನ ಮಲ್ಲಿಕಾರ್ಜುನ್ ಮತ್ತೆ ಮಾತೆತ್ತಿದರು. “ಅಪ್ಪಾ, ಇನ್ನು ಮೂರೇ ದಿನ. ಅವಳು ಬಸ್ ಪಾಸ್ ಬಗ್ಗೆ ಕೇಳ್ತಾ ಇದ್ಲು ನನ್ನತ್ರ.”

ಅಡವಿಯಪ್ಪನವರು ಎದ್ದರು. ಮಹಡಿಗೆ ಹೋಗಿ ಸೊಸೆಯನ್ನೇ ಕೇಳಿದರು. “ಪಾಸ್ ಮಾಡಿಸ್ತಾ ಇದೀಯೇನಮ್ಮ?”

“ಸುಮ್ನೆ ವಿಚಾರಿಸ್ದೆ ಮಾವ.”

“ವಿಚಾರಿಸ್ಬೇಡ. ಇನ್ನೂ ಮೂರು ದಿನ ಐತೆ.”

ಎಂಟನೇ ದಿನ ಅವರು ಇಲಾಖೆಯಲ್ಲಿ ಕಡೆಯ ಅಸ್ತ್ರವಾಗಿ ಬಳಸುತ್ತಿದ್ದ ವಿಧಾನಕ್ಕೆ ಕೈ ಹಾಕಿದರು. ಐದು ಕಿಲೋಮೀಟರ್ ಕೇಬಲಿನಲ್ಲಿ ಫಾಲ್ಟ್ ಎಲ್ಲಿದೆ ಎಂದು ತಿಳಿಯದಿದ್ದರೆ ಮಧ್ಯಕ್ಕೆ ಕತ್ತರಿಸಬೇಕು. ಒಂದು ಅರ್ಧ ಸರಿಯಿರುತ್ತದೆ, ಇನ್ನೊಂದರಲ್ಲಿ ಫಾಲ್ಟ್ ಇರುತ್ತದೆ. ಫಾಲ್ಟ್ ಇರುವ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. ತಾವೇ ಬಣ್ಣ ಬಳಿದಿದ್ದ ಪೈಪನ್ನು ಮೆಟ್ಟಿಲ ತಿರುವಿನಲ್ಲಿ ಬಿಚ್ಚಿ, ಕೇಬಲನ್ನು ಎರಡು ತುಂಡು ಮಾಡಿ, ಕತ್ತರಿಸಿದ ಎರಡೂ ಬಾಯಿಗೆ ಹೊಸ ಪ್ಲಗ್ ಹಾಕಿದರು. ಮಹಡಿಯ ಕಂಪ್ಯೂಟರ್ ಮೆಟ್ಟಿಲ ತಿರುವಿನ ಸ್ಟೂಲಿನ ಮೇಲೆ ಬಂದು ಕೂತಿತು.

“ಉತ್ಸವ ಮೂರ್ತಿ ಆಗೋಯ್ತು ಇದು,” ಎಂದರು ಸಿದ್ದಗಂಗಮ್ಮ. “ದಿನಾ ಹತ್ತಿಸ್ತೀರಾ, ಇಳಿಸ್ತೀರಾ.”

ಕೆಳಗಿನ ಅರ್ಧದಲ್ಲಿ ನೂರಕ್ಕೆ ಐದು ಕಳೆದವು. ಫಾಲ್ಟ್ ಕೆಳಗಿದೆ ಎಂದು ದೀಪಿಕಾ ಅಂದುಕೊಂಡರು. ಅಡವಿಯಪ್ಪನವರು ಮೇಲಿನ ಅರ್ಧವನ್ನೂ ನೋಡಬೇಕು ಎಂದರು. ಮಹಡಿಯ ಕಂಪ್ಯೂಟರ್ ತನ್ನ ರೂಮಿಗೆ ಹೋಯಿತು, ಕೆಳಗಿನದು ಮೆಟ್ಟಿಲು ಹತ್ತಿತು. ಮೇಲಿನ ಅರ್ಧದಲ್ಲಿ ನಾಲ್ಕು ಕಳೆದವು.

ಅಡವಿಯಪ್ಪನವರು ಮೆಟ್ಟಿಲ ಮೇಲೆ ಕೂತರು. ಮೂವತ್ತಮೂರು ವರ್ಷದಲ್ಲಿ ಒಂದೇ ಫಾಲ್ಟ್ ಎರಡೂ ಅರ್ಧಗಳಲ್ಲಿ ಕೂತಿದ್ದನ್ನು ಅವರು ಕಂಡಿರಲಿಲ್ಲ. ಇಲಿ ಕಡಿದರೆ ಒಂದು ಕಡೆ ಕಡಿಯುತ್ತದೆ. ನೀರು ಇಳಿದರೆ ಒಂದು ಕಡೆ ಇಳಿಯುತ್ತದೆ. ಎರಡೂ ತುಂಡಿಗೆ ಸಮನಾಗಿ ಹೋದದ್ದು ಏನು ಎಂದು ಯೋಚಿಸುತ್ತ ಅವರು ತಮ್ಮ ಎರಡು ಕೈಗಳನ್ನು ನೋಡಿಕೊಂಡರು ಎಂದು ದೀಪಿಕಾ ನೆನಪಿಸಿಕೊಳ್ಳುತ್ತಾರೆ.

“ಅವ್ವಾ, ಆ ಅಂಗ್ಡಿ ವೈರ್ ತತ್ತಾ. ಒಂದೂ ಹಲೋ ಕಳೀಲಿಲ್ಲವಲ್ಲ, ಅದು.”

ದೀಪಿಕಾ ತಂದುಕೊಟ್ಟರು. ಅಡವಿಯಪ್ಪನವರು ಭೂತಗನ್ನಡಿ ಹಿಡಿದು ಅದರ ಪ್ಲಗ್ಗನ್ನು ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ನೋಡಿದರು.

“ಫ್ಯಾಕ್ಟ್ರಿಯವ್ನು ತಪ್ಪು ಮಾಡವ್ನೆ ನೋಡು. ಹಸಿರು ಜೋಡೀನ ಒಡ್ದು, ಮಧ್ಯಕ್ಕೆ ನೀಲಿ ತೂರ್ಸವ್ನೆ.”

“ಅದ್ರಲ್ಲೇ ಅಲ್ವಾ ಮಾವ, ಐನೂರಕ್ಕೆ ಐನೂರು ಬಂದಿದ್ದು?”

ಮನೆಯಲ್ಲಿ ಇನ್ನೆರಡು ರೆಡಿಮೇಡ್ ಕೇಬಲ್ ಇದ್ದವು, ಎರಡು ಬೇರೆ ಬೇರೆ ಕಂಪನಿಯವು. ಎರಡರಲ್ಲೂ ಅದೇ ‘ತಪ್ಪು’. ದೀಪಿಕಾ ನಾಲ್ಕು ದಿನದ ಹಿಂದೆ ಒಳಗಿಟ್ಟಿದ್ದ ಚಿತ್ರವನ್ನು ಮತ್ತೆ ತೆರೆದು ಕೈಗೆ ಕೊಟ್ಟರು. ಅದರಲ್ಲೂ ಹಾಗೆಯೇ ಇತ್ತು. ಬಣ್ಣಗಳ ಕೆಳಗೆ, ಯಾವ ಎರಡು ತಂತಿಯಲ್ಲಿ ಒಂದು ಸಂದೇಶ ಹೋಗುತ್ತದೆ ಎಂದು ಗೆರೆ ಎಳೆದು ತೋರಿಸಿದ್ದರು.

ಕಂಪ್ಯೂಟರ್ ಕೇಬಲಿನಲ್ಲಿ ಎಂಟು ಎಳೆ, ನಾಲ್ಕು ಜೋಡಿ. ಅಡವಿಯಪ್ಪನವರು ಟೆಲಿಫೋನಿನ ಕ್ರಮದಂತೆ ನೀಲಿ ಜೋಡಿ, ಕಿತ್ತಳೆ ಜೋಡಿ, ಹಸಿರು ಜೋಡಿ, ಕಂದು ಜೋಡಿ ಎಂದು ಅಕ್ಕಪಕ್ಕ ಕೂರಿಸಿದ್ದರು. ಪ್ಲಗ್ಗಿನ ಒಂದು ಮತ್ತು ಎರಡನೇ ಮನೆ ಒಂದು ಜೋಡಿಗೆ, ಮೂರು ಮತ್ತು ನಾಲ್ಕು ಇನ್ನೊಂದಕ್ಕೆ, ಹೀಗೆ. ಜೋಡಿಯನ್ನು ಬೇರೆ ಮಾಡಬಾರದು ಎಂದು ಕಲಿತ ಕೈ ಬೇರೆ ಏನನ್ನೂ ಯೋಚಿಸಲಿಲ್ಲ. ಆದರೆ ಕಂಪ್ಯೂಟರಿಗೆ ಮೂರು ಮತ್ತು ಆರನೇ ಮನೆ ಒಂದು ಜೋಡಿ. ನಾಲ್ಕು ಮತ್ತು ಐದು ಅವುಗಳ ನಡುವೆ ಕೂತ ಬೇರೊಂದು ಜೋಡಿ. ಹಾಗಾಗಿ ಒಂದೇ ಸಂದೇಶದ ಒಂದು ಎಳೆ ಕಿತ್ತಳೆಯ ಜೊತೆ ಹೊಸೆದುಕೊಂಡು, ಇನ್ನೊಂದು ಎಳೆ ಹಸಿರಿನ ಜೊತೆ ಹೊಸೆದುಕೊಂಡು ಮೂವತ್ತೆರಡು ಮೀಟರ್ ಬಂದಿತ್ತು. ದಾರಿಯುದ್ದಕ್ಕೂ ಪಕ್ಕದವರ ಮಾತು ಇದರಲ್ಲಿ, ಇದರ ಮಾತು ಪಕ್ಕದವರಲ್ಲಿ. ಎಂಟು ದೀಪದ ಟೆಸ್ಟರ್‌ಗೆ ಇದು ತಿಳಿಯುವುದಿಲ್ಲ. ತಂತಿ ಈ ತುದಿಯಿಂದ ಆ ತುದಿಗೆ ಹೋಗಿದೆಯೇ ಎಂದಷ್ಟೇ ಅದು ನೋಡುತ್ತದೆ, ಯಾರ ಜೊತೆ ಹೋಗಿದೆ ಎಂದು ನೋಡುವುದಿಲ್ಲ.

ಇದನ್ನು ಅಡವಿಯಪ್ಪನವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆ ಗೆರೆಗಳನ್ನು ನೋಡಿದೊಡನೆ ಅವರಿಗೆ ಗುಬ್ಬಿಯ ಕೊಬ್ಬರಿ ಮಂಡಿಯೇ ಕಂಡಿತು.

“ಸ್ಪ್ಲಿಟ್ ಪೇರ್,” ಎಂದರು. ಆಮೇಲೆ, “ನಂದೇ.”

ಕೆಳಗಿದ್ದ ಸಿದ್ದಗಂಗಮ್ಮನವರಿಗೂ ಆ ಶಬ್ದದ ಅರ್ಥ ಗೊತ್ತು. ಗಂಡ ಎಷ್ಟೋ ಸಂಜೆ ಊಟಕ್ಕೆ ಕೂತು ಇನ್ನೊಬ್ಬ ಜಾಯಿಂಟರನನ್ನು ಬೈಯುವಾಗ ಕೇಳಿದ ಶಬ್ದ ಅದು. ಅವರು ಒಳಗೆ ಹೋಗಿ, ಯಾರ ಅಪ್ಪಣೆಯನ್ನೂ ಕೇಳದೆ ಮಿಕ್ಸಿ ಹಾಕಿದರು.

ದೀಪಿಕಾ ಪಕ್ಕದಲ್ಲಿ ಕೂತು, “ನಾನು ಅವತ್ತೇ ಜೋರಾಗಿ ಕೇಳ್ಬೇಕಿತ್ತು ಮಾವ,” ಎಂದರು.

“ಕೇಳಿದ್ರೆ ನಾನು ಒಪ್ತಿದ್ನಾ? ನಂಬ್ಕೇನೇ ಕೆಟ್ಟೋಗಿರೋವಾಗ ನಂಗೆ ಅದು ಗೊತ್ತಾಗ್ಬೇಕಾದ್ರೆ ಕೇಬಲ್ ಕುಯ್ಯಲೇಬೇಕಿತ್ತು.” ಅವರು ಪುಸ್ತಕ ತೆಗೆದು ನಾಲ್ಕನೇ ಕಲಂನಲ್ಲಿ ಬರೆದರು. ಸಿಕ್ಕ ಫಾಲ್ಟ್: ಸ್ಪ್ಲಿಟ್ ಪೇರ್. ಜಾಯಿಂಟರನ ಹೆಸರು ಬರೆಯುವುದು ಇಲಾಖೆಯ ನಿಯಮ. ಅದನ್ನೂ ಬರೆದರು.

ಕತ್ತರಿಸಿದ ಕೇಬಲಿಗೆ ನಡುವೆ ಜೋಡಣೆ ಹಾಕಲು ಅವರು ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಕೇಬಲಿನಿಂದ ಮಾರನೇ ದಿನ, ಶಿವರಾತ್ರಿಯ ಹಿಂದಿನ ಮಧ್ಯಾಹ್ನ, ಅಪ್ಪ ಮಗ ಸೇರಿ ಹೊಸದನ್ನು ಎಳೆದರು. ಪ್ಲಗ್ ಹಾಕುವಾಗ ಹಸಿರು ಜೋಡಿಯನ್ನು ಉಗುರಿನಿಂದ ಬಿಡಿಸಿ, ನಡುವೆ ನೀಲಿಗೆ ಜಾಗ ಮಾಡಬೇಕಿತ್ತು. ಅಡವಿಯಪ್ಪನವರ ಹೆಬ್ಬೆರಳು ಎರಡು ಸಲ ಅದನ್ನು ತಾನಾಗಿಯೇ ಮತ್ತೆ ಕೂಡಿಸಿಬಿಟ್ಟಿತು. ಮೂರನೇ ಸಲ ದೀಪಿಕಾ ಚಿತ್ರ ನೋಡಿಕೊಂಡು ಬಣ್ಣ ಹೇಳಿದರು, ಅವರು ಕೂರಿಸಿದರು. ಸಾವಿರ ದೊಡ್ಡ ಹಲೋ ಹೋದವು, ಸಾವಿರವೂ ಬಂದವು. ಐದನೇ ಕಲಂ: ಸಂಜೆ 4.10.

ಅಷ್ಟಕ್ಕೇ ಪುಸ್ತಕ ಮುಚ್ಚಲಿಲ್ಲ. ಅದೇ ಪೆಟ್ಟಿಗೆಯ ಕೇಬಲಿನಲ್ಲಿ, ಅದೇ ಕೈಯಿಂದ, ಇನ್ನೆರಡು ಮನೆಗೆ ಅವರು ಕೆಲಸ ಮಾಡಿಕೊಟ್ಟಿದ್ದರು. ಗುಬ್ಬಿಯಲ್ಲಿ ತಂಗಿ ಪುಟ್ಟಗಂಗಮ್ಮನ ಮನೆಯ ಕ್ಯಾಮೆರಾಗಳಿಗೆ, ಕುಣಿಗಲ್ಲಿನಲ್ಲಿ ಹಳೆಯ ಸಹೋದ್ಯೋಗಿ ದಾಸಯ್ಯನವರ ಜೆರಾಕ್ಸ್ ಅಂಗಡಿಗೆ. ಎರಡೂ ಕಡೆಯಿಂದ ದೂರು ಬಂದಿರಲಿಲ್ಲ. ಹಬ್ಬದ ಬೆಳಿಗ್ಗೆ ಗುಬ್ಬಿಗೆ ಫೋನ್ ಮಾಡಿದರು.

“ಗೇಟ್ ಕ್ಯಾಮೆರಾ ಹೆಂಗೈತೆ ಪುಟ್ಟಿ?”

“ಚೆನ್ನಾಗೈತಲ್ಲ ಅಣ್ಣಯ್ಯ.”

“ಜನ ನಡ್ಕಂಡು ಬರೋದು ಸರಿಯಾಗಿ ಕಾಣ್ತದಾ?”

“ನಡ್ಕಂಡು ಎಲ್ಲಿ ಬರ್ತಾರೆ? ಗೇಟ್ ಹತ್ರ ನಿಂತಿರ್ತಾರೆ, ಆಮೇಲೆ ಒಂದೇ ಸಲ ಬಾಗ್ಲಲ್ಲಿರ್ತಾರೆ. ಕ್ಯಾಮೆರಾ ಅಂದ್ರೆ ಹಂಗೇ ಅಲ್ವಾ?”

“ಅಲ್ಲ,” ಎಂದರು ಅಣ್ಣ. “ಬುಧವಾರ ಬರ್ತೀನಿ.”

ಶಿವರಾತ್ರಿ ಕಳೆದ ಮರುದಿನ ಏಳೂಕಾಲಿನ ಕುಣಿಗಲ್ ಬಸ್ಸನ್ನು ಶೆಟ್ಟಿಹಳ್ಳಿಯಿಂದ ಹತ್ತಿದ್ದು ದೀಪಿಕಾ ಅಲ್ಲ, ಅಡವಿಯಪ್ಪನವರು. ಹಿಂದಿನ ದಿನದ ಉಪವಾಸ ಬಿಟ್ಟು ಉಪ್ಪಿಟ್ಟು ತಿಂದು, ಕೈಚೀಲದಲ್ಲಿ ಪ್ಲಗ್ಗುಗಳು, ಇಕ್ಕಳ, ಭೂತಗನ್ನಡಿ ಇಟ್ಟುಕೊಂಡು ಹೊರಟಾಗ ಮಹಡಿಯ ಕಿಟಕಿ ತೆರೆದಿತ್ತು. ಸೊಸೆ ಆಗಲೇ ಕೆಲಸಕ್ಕೆ ಕೂತಿದ್ದರು.

ದಾಸಯ್ಯನವರು ಕತೆಯನ್ನೆಲ್ಲ ಕೇಳಿ ಕುರ್ಚಿಗೆ ಒರಗಿದರು. “ಏನ್ಲಾ ಅಡವಿ, ವಯಸ್ಸಾದ್ಮೇಲೆ ಪೇರ್ ಒಡೆಯೋಕೆ ಶುರುಮಾಡಿದೀಯಾ? ನಮ್ ಇಂಜಿನಿಯರ್ ಸಾಹೇಬ್ರಿದ್ದಿದ್ರೆ ಮೆಮೋ ಕೊಡೋರು.”

“ನಿನ್ ಪ್ರಿಂಟರ್ ಹತ್ತು ಪುಟ ಕೊಟ್ರೆ ಆರಕ್ಕೆ ನಿಲ್ಲಲ್ವೇನ್ಲಾ?”

“ಪ್ರಿಂಟರ್ ಹಳೇದು, ಅದುಕ್ಕೆ.”

“ಎದ್ದೇಳು. ಟೇಬಲ್ ಸರ್ಸು.”

ಹನ್ನೊಂದೂ ನಲವತ್ತಕ್ಕೆ ನಲವತ್ತು ಪುಟದ ಒಂದು ಪಹಣಿ ಕಟ್ಟು ಎಲ್ಲಿಯೂ ನಿಲ್ಲದೆ ಹೊರಬಂತು. ದಾಸಯ್ಯನವರು ಕೊನೆಯ ಪುಟ ಬೀಳುವವರೆಗೂ ಪ್ರಿಂಟರಿನ ಮುಂದೆ ಬಗ್ಗಿ ನಿಂತಿದ್ದರು. ಊಟಕ್ಕೆ ಇರು ಎಂದರೂ ಅಡವಿಯಪ್ಪನವರು ನಿಲ್ಲಲಿಲ್ಲ.

ಬಸ್ ನಿಲ್ದಾಣದ ದಾರಿಯಲ್ಲೇ ಆಂಜನಪ್ಪನವರ ಸ್ಟುಡಿಯೋ. ಬೀದಿಗೆ ಕಾಣುವಂತೆ ಗಾಜಿನ ಹಿಂದೆ ಒಂದು ಟಿವಿ ಇಟ್ಟಿದ್ದಾರೆ, ಹೊಸ ಮದುವೆಗಳ ವಿಡಿಯೋ ಅದರಲ್ಲಿ ಓಡುತ್ತಿರುತ್ತದೆ. ಅಂದು ಓಡುತ್ತಿದ್ದದ್ದು ದೀಪಿಕಾ ಹಬ್ಬದ ದಿನ ಮುಗಿಸಿ ಕಳಿಸಿದ ಮದುವೆ. ಮಹಡಿಯ ರೂಮಿನಲ್ಲಿ ಅದರ ಹಾಡನ್ನು ಅಡವಿಯಪ್ಪನವರು ಹತ್ತು ಸಲವಾದರೂ ಕೇಳಿದ್ದರು. ಒಳಗೆ ಆಂಜನಪ್ಪನವರು ಯಾರಿಗೋ ಆಲ್ಬಂ ತೋರಿಸುತ್ತಿದ್ದರು. ಅಡವಿಯಪ್ಪನವರು ಒಳಗೆ ಹೋಗಲಿಲ್ಲ. ಚೀಲವನ್ನು ಕಾಲ ಬಳಿ ಇಟ್ಟು, ಗಾಜಿನ ಮುಂದೆ ನಿಂತು, ಪುರೋಹಿತರು ಕೈಯೆತ್ತುವವರೆಗೆ, ಅಕ್ಷತೆ ಬೀಳುವವರೆಗೆ ಕಾದರು. ಹುಡುಗ ತಾಳಿ ಎತ್ತಿ ಹುಡುಗಿಯ ಕೊರಳ ಹಿಂದೆ ಗಂಟು ಹಾಕತೊಡಗಿದ. ಅಡವಿಯಪ್ಪನವರು ಬಾಯೊಳಗೇ ಎಣಿಸಿದರು. ಒಂದು. ಎರಡು. ಮೂರು.

ಆಮೇಲೆ ಚೀಲ ಎತ್ತಿಕೊಂಡು ತುಮಕೂರು ಬಸ್ಸಿಗೆ ನಡೆದರು. ಪುಸ್ತಕದಲ್ಲಿ ಗುಬ್ಬಿಯ ಸಾಲಿನ ಐದನೇ ಕಲಂ ಇನ್ನೂ ಖಾಲಿ ಇತ್ತು.